ಟಿ.ಸಿ. ಯಾಕೆ ಸುಡುತ್ತದೆ? ಕಾಫಿ ಕ್ಯೂರಿಂಗ್ ವರ್ಕ್ಸ್‌ನ ವಿದ್ಯುತ್ ಲೆಕ್ಕ

ಟಿ.ಸಿ. ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಕಾಲೇಜು ಬಿಡುವಾಗ ಆಫೀಸಿನಲ್ಲಿ ಕೊಡುವ ಕಾಗದ. ಆದರೆ ಮೂಡಿಗೆರೆ, ಕಳಸ, ಬಾಳೆಹೊನ್ನೂರು ಕಡೆಯಿಂದ ಬರುವ ಗೆಳೆಯರ ಮನೆಯಲ್ಲಿ "ಟಿ.ಸಿ. ಹೋಯಿತು" ಎಂದರೆ ಊಟದ ತಟ್ಟೆಯ ಮುಂದೆ ಕುಳಿತವರೂ ಎದ್ದು ನಿಲ್ಲುತ್ತಾರೆ. ಅಲ್ಲಿ ಟಿ.ಸಿ. ಎಂದರೆ ಟ್ರಾನ್ಸ್‌ಫಾರ್ಮರ್. ಅದು ಸುಟ್ಟರೆ ಮನೆಯ ದೀಪ ಆರುವುದು ಸಣ್ಣ ವಿಷಯ. ಪಲ್ಪರ್ ನಿಲ್ಲುತ್ತದೆ, ಕೊಯ್ದು ತಂದ ಹಣ್ಣು ಚೀಲದಲ್ಲೇ ಬಿಸಿಯಾಗಿ ಹುಳಿಯುತ್ತದೆ, ವರ್ಷದ ದುಡಿಮೆಯ ಒಂದು ಭಾಗ ಎರಡು ದಿನದಲ್ಲಿ ದರ್ಜೆ ಇಳಿಯುತ್ತದೆ.

ನಾನು ಕಾಮರ್ಸ್ ವಿದ್ಯಾರ್ಥಿ. ವಿದ್ಯುತ್ ಬಗ್ಗೆ ಬರೆಯಲು ನಿನಗೇನು ಹಕ್ಕು ಎಂದು ಸೈನ್ಸ್ ವಿಭಾಗದ ಗೆಳೆಯರು ಕೇಳಬಹುದು. ನನ್ನ ಮಾಮು ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ಎಲೆಕ್ಟ್ರಿಷಿಯನ್. ಕಳೆದ ಸೀಸನ್‌ನಲ್ಲಿ ಅಲ್ಲಿನ ಮುಖ್ಯ ಪ್ಯಾನೆಲ್‌ನ ಒಂದು ಕೇಬಲ್ ಹೊತ್ತಿಕೊಂಡಿತು. ಪಕ್ಕದ ಹಾಲ್‌ನಲ್ಲಿ ಕಾಳು ಆರಿಸುತ್ತಾ ಕೂತಿದ್ದ ಹೆಂಗಸರನ್ನೆಲ್ಲ ಹೊರಗೆ ಕಳಿಸಬೇಕಾಯಿತು. ಯಾರಿಗೂ ಏನೂ ಆಗಲಿಲ್ಲ. "ಬೋಝ್ ಜ್ಯಾದಾ ಹೋಗಯಾ" ಎಂದು ಮಾಮು ಮನೆಗೆ ಬಂದು ಹೇಳಿದರು. ಹೊರೆ ಹೆಚ್ಚಾಯಿತು ಎನ್ನುವುದು ಸರಿ, ಆದರೆ ಎಷ್ಟು ಹೆಚ್ಚಾಯಿತು, ಯಾವಾಗಿನಿಂದ, ಮೊದಲೇ ಗೊತ್ತಾಗುತ್ತಿರಲಿಲ್ಲವೇ? ಈ ಮೂರು ಪ್ರಶ್ನೆ ಹಿಡಿದು ಮಾಮು ಮತ್ತು ನಮ್ಮ ಫಿಸಿಕ್ಸ್ ಉಪನ್ಯಾಸಕರ ತಲೆ ತಿಂದೆ. ನನಗೆ ಕಂಡದ್ದು ಇಷ್ಟು: ಇದು ಮುಕ್ಕಾಲು ಪಾಲು ಲೆಕ್ಕಪತ್ರದ ವಿಷಯ, ನಮ್ಮ ವಿಭಾಗದ್ದೇ.

ಹೊರೆ ಎಂದರೇನು

ತಂತಿಯಲ್ಲಿ ಕರೆಂಟ್ ಹರಿದಾಗ ತಂತಿ ಬಿಸಿಯಾಗುತ್ತದೆ. ಆ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಕರೆಂಟ್ ಎರಡರಷ್ಟಾದರೆ ಬಿಸಿ ನಾಲ್ಕರಷ್ಟು. ಇದೊಂದು ಸಾಲು ಅರ್ಥವಾದರೆ ಉಳಿದದ್ದು ಸುಲಭ. ಸ್ವಲ್ಪ ಹೆಚ್ಚು ಹೊರೆ ಹಾಕಿದರೆ ಸ್ವಲ್ಪ ಹೆಚ್ಚು ಬಿಸಿ ಎಂದು ನಾವು ತಿಳಿದಿರುತ್ತೇವೆ. ಹಾಗಲ್ಲ. ಶೇಕಡ 20 ಹೆಚ್ಚು ಕರೆಂಟ್ ಹರಿದರೆ ಶೇಕಡ 44 ಹೆಚ್ಚು ಬಿಸಿ.

ಬಿಸಿಯಿಂದ ತಾಮ್ರ ಕರಗುವುದಿಲ್ಲ. ಮೊದಲು ಸಾಯುವುದು ತಾಮ್ರದ ಸುತ್ತ ಇರುವ ಹೊದಿಕೆ, ಅಂದರೆ ಇನ್ಸುಲೇಷನ್. ಮೋಟರಿನ ಸುರುಳಿ ತನ್ನ ಮಿತಿಗಿಂತ ಸುಮಾರು 10 ಡಿಗ್ರಿ ಹೆಚ್ಚು ಬಿಸಿಯಲ್ಲಿ ಕೆಲಸ ಮಾಡುತ್ತಲೇ ಇದ್ದರೆ ಅದರ ಹೊದಿಕೆಯ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆ ಎಂಬುದು ಎಂಜಿನಿಯರುಗಳು ಬಳಸುವ ಸ್ಥೂಲ ನಿಯಮ. ನಾವು ಪುಸ್ತಕದಲ್ಲಿ ಯಂತ್ರಕ್ಕೆ ವರ್ಷಕ್ಕೆ ಇಷ್ಟು ಎಂದು ಸವಕಳಿ ಬರೆಯುತ್ತೇವೆ, ಸ್ಟ್ರೇಟ್ ಲೈನ್ ವಿಧಾನದಲ್ಲಿ ಪ್ರತಿ ವರ್ಷವೂ ಒಂದೇ ಮೊತ್ತ. ಮೋಟರಿಗೆ ಆ ಪುಸ್ತಕ ಗೊತ್ತಿಲ್ಲ. ಅದು ತನ್ನ ಸವಕಳಿಯನ್ನು ಬಿಸಿಯಿಂದ ಬರೆದುಕೊಳ್ಳುತ್ತದೆ. ಹತ್ತು ವರ್ಷ ಬಾಳಬೇಕಾದದ್ದು ಐದನೇ ವರ್ಷಕ್ಕೆ ಸುಟ್ಟರೆ, ಸುಟ್ಟದ್ದು ಅಂದು ಅಲ್ಲ, ಐದು ವರ್ಷದಿಂದಲೂ ಸುಡುತ್ತಿತ್ತು.

ನಮ್ಮದು ತಂಪು ಊರು, ಇಲ್ಲಿ ಬಿಸಿಯ ಚಿಂತೆ ಯಾಕೆ ಎನ್ನಬೇಡಿ. ಮಾರ್ಚ್ ತಿಂಗಳ ಮಧ್ಯಾಹ್ನ ತಗಡಿನ ಮಾಡಿನ ಕೆಳಗೆ ಒಮ್ಮೆ ನಿಂತು ನೋಡಿ. ಮೇಲಾಗಿ ಹಲ್ಲಿಂಗ್ ಮಾಡುವಾಗ ಏಳುವ ಸಿಪ್ಪೆಯ ಧೂಳು ಮೋಟರಿನ ಮೈಮೇಲೆ, ಫ್ಯಾನಿನ ಬಾಯಲ್ಲಿ, ಕೇಬಲ್ ಟ್ರೇಯಲ್ಲಿ ಕಂಬಳಿಯ ಹಾಗೆ ಕೂರುತ್ತದೆ. ಬಿಸಿ ಹೊರಗೆ ಹೋಗಲು ದಾರಿ ಇಲ್ಲ. ಆ ಧೂಳಿಗೆ ಬೆಂಕಿ ತಗಲುವುದೂ ಸುಲಭ.

ನಮ್ಮ ಜಿಲ್ಲೆಯ ಕಾರ್ಖಾನೆ

ಕಾರ್ಖಾನೆ ಎಂದರೆ ಭದ್ರಾವತಿ, ಮಂಗಳೂರು ಎಂದೇ ನಮ್ಮ ಕಲ್ಪನೆ. ಕಳಸದ ಪಕ್ಕದ ಕುದುರೆಮುಖದಲ್ಲಿ ದೇಶದ ದೊಡ್ಡ ಅದಿರು ಕಾರ್ಖಾನೆಗಳಲ್ಲಿ ಒಂದು ಇತ್ತು. ಕಲ್ಲನ್ನು ನುಣ್ಣಗೆ ಅರೆದು, ನೀರಿನಲ್ಲಿ ಕಲಸಿ, ಸುಮಾರು 67 ಕಿ.ಮೀ. ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿದ್ದರು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಅಲ್ಲಿ ಗಣಿಗಾರಿಕೆ ನಿಂತಿತು. ಅಷ್ಟು ದೊಡ್ಡ ಗಿರಣಿಗಳನ್ನು ಲೆಕ್ಕವಿಲ್ಲದೆ ಯಾರೂ ಚಾಲೂ ಮಾಡುವುದಿಲ್ಲ. ದೊಡ್ಡ ಕಾರ್ಖಾನೆಗಳಿಗೆ ಎಂಜಿನಿಯರ್ ಇರುತ್ತಾರೆ, ಕಂಪ್ಯೂಟರ್ ಇರುತ್ತದೆ. ತೊಂದರೆ ಇರುವುದು ನಡುವಿನ ಗಾತ್ರದವುಗಳಲ್ಲಿ: ಕ್ಯೂರಿಂಗ್ ವರ್ಕ್ಸ್, ಅಕ್ಕಿ ಗಿರಣಿ, ಮರದ ಮಿಲ್ಲು, ಕಾಳುಮೆಣಸು ಒಣಗಿಸುವ ಘಟಕ. ಇವು ಒಂದೇ ದಿನ ಕಟ್ಟಿದವಲ್ಲ. ಅಪ್ಪ ಒಂದು ಹಲ್ಲರ್ ಹಾಕಿದರು, ಮಗ ಪಾಲಿಷರ್ ಸೇರಿಸಿದ, ಆಮೇಲೆ ಕಲರ್ ಸಾರ್ಟರ್ ಬಂತು, ಅದಕ್ಕೆ ಕಂಪ್ರೆಸರ್ ಬಂತು. ಯಂತ್ರಗಳು ಬೆಳೆದವು, ಟ್ರಾನ್ಸ್‌ಫಾರ್ಮರ್ ಮತ್ತು ಕೇಬಲ್ ಅಪ್ಪನ ಕಾಲದ್ದೇ ಉಳಿದವು.

ಒಂದು ಉದಾಹರಣೆಯಿಂದ ಲೆಕ್ಕ ಮಾಡೋಣ. ಇದು ಲೆಕ್ಕಕ್ಕಾಗಿ ನಾನೇ ಕಟ್ಟಿದ ಕಾಲ್ಪನಿಕ ಘಟಕ, ಯಾರದೂ ಅಲ್ಲ. ಪ್ರೀಕ್ಲೀನರ್ ಮತ್ತು ಕಲ್ಲು ತೆಗೆಯುವ ಯಂತ್ರ 10 ಎಚ್‌ಪಿ, ಹಲ್ಲರ್ 40, ಪಾಲಿಷರ್ 30, ಗ್ರೇಡರ್ ಮತ್ತು ಗ್ರಾವಿಟಿ ಸೆಪರೇಟರ್ 15, ಐದು ಎಲಿವೇಟರ್ ತಲಾ 3, ಕಂಪ್ರೆಸರ್ 10. ಒಟ್ಟು 120 ಎಚ್‌ಪಿ. ಒಂದು ಎಚ್‌ಪಿಗೆ 0.746 ಕಿಲೋವ್ಯಾಟ್, ಹಾಗಾಗಿ 89.5 ಕಿಲೋವ್ಯಾಟ್. ದೀಪ, ಆಫೀಸು, ನೀರಿನ ಪಂಪು ಸೇರಿ 6 ಕಿಲೋವ್ಯಾಟ್. ಟ್ರಾನ್ಸ್‌ಫಾರ್ಮರ್ 100 ಕೆವಿಎ.

95.5 ಬಂತು, 100ರ ಒಳಗೆ ಇದೆ, ಚಿಂತೆ ಇಲ್ಲ ಎಂದು ಮಾಲೀಕರು ಹೇಳುತ್ತಾರೆ. ಇಲ್ಲಿ ಮೂರು ತಪ್ಪುಗಳಿವೆ, ಒಂದರ ಮೇಲೊಂದು.

ಮೊದಲನೆಯದು, ಎಚ್‌ಪಿ ಎಂಬುದು ಮೋಟರು ಕೊಡುವ ಶಕ್ತಿ, ತೆಗೆದುಕೊಳ್ಳುವ ಶಕ್ತಿ ಅಲ್ಲ. ದಕ್ಷತೆ ಶೇಕಡ 88 ಎಂದು ಹಿಡಿದರೆ 89.5 ಕೊಡಲು ಮೋಟರುಗಳು 101.7 ಕಿಲೋವ್ಯಾಟ್ ಎಳೆಯುತ್ತವೆ. ಎರಡನೆಯದು ಮಾಲೀಕರ ಪರವಾಗಿದೆ: ಎಲ್ಲ ಯಂತ್ರಗಳೂ ಒಟ್ಟಿಗೆ ಪೂರ್ತಿ ಹೊರೆಯಲ್ಲಿ ಓಡುವುದಿಲ್ಲ. ಸರಾಸರಿ ಮುಕ್ಕಾಲು ಹೊರೆ ಎಂದರೆ 76.3, ದೀಪ ಇತ್ಯಾದಿ ಸೇರಿ 82.3 ಕಿಲೋವ್ಯಾಟ್. ಪರವಾಗಿಲ್ಲ ಅನಿಸುತ್ತದೆ ಅಲ್ಲವೇ? ಮೂರನೆಯದು ಎಲ್ಲವನ್ನೂ ತಲೆಕೆಳಗು ಮಾಡುತ್ತದೆ. ಟ್ರಾನ್ಸ್‌ಫಾರ್ಮರಿನ ಮೇಲೆ ಬರೆದಿರುವುದು ಕಿಲೋವ್ಯಾಟ್ ಅಲ್ಲ, ಕೆವಿಎ.

ಇದನ್ನು ನಾನು ಹೀಗೆ ಅರ್ಥಮಾಡಿಕೊಂಡೆ. ಲಾರಿಯಲ್ಲಿ ಕಾಫಿ ಚೀಲ ಬಂತು. ಕಾಳಿನ ತೂಕ ಕಿಲೋವ್ಯಾಟ್, ಕಾಳಿನ ಜೊತೆ ಸಿಪ್ಪೆಯೂ ಸೇರಿದ ತೂಕ ಕೆವಿಎ. ನಮಗೆ ಬೇಕಾದದ್ದು ಕಾಳು, ಆದರೆ ಲಾರಿಯ ಆಕ್ಸಲ್ ಮುರಿಯುವುದು ಒಟ್ಟು ತೂಕಕ್ಕೆ. ಮೋಟರು ತನ್ನೊಳಗೆ ಕಾಂತಕ್ಷೇತ್ರ ಎಬ್ಬಿಸಲು ಎಳೆಯುವ ಕರೆಂಟು ಆ ಸಿಪ್ಪೆಯ ಹಾಗೆ. ಕೆಲಸ ಮಾಡದಿದ್ದರೂ ತಂತಿಯಲ್ಲಿ ಜಾಗ ಹಿಡಿಯುತ್ತದೆ, ಬಿಸಿ ಮಾಡುತ್ತದೆ. (ಹೋಲಿಕೆ ಪೂರ್ತಿ ಸರಿಯಲ್ಲ, ಇವೆರಡನ್ನು ಕೂಡುವುದು ಪೈಥಾಗರಸ್ ರೀತಿಯಲ್ಲಿ ಎಂದು ಫಿಸಿಕ್ಸ್ ಸರ್ ತಿದ್ದಿದರು.) ಕಿಲೋವ್ಯಾಟನ್ನು ಕೆವಿಎಯಿಂದ ಭಾಗಿಸಿದರೆ ಬರುವುದೇ ಪವರ್ ಫ್ಯಾಕ್ಟರ್. ಅರ್ಧ ಹೊರೆಯಲ್ಲಿ ಓಡುವ ಹಳೆಯ ಮೋಟರುಗಳು ಇರುವ ಕಡೆ ಅದು 0.75ಕ್ಕೆ ಇಳಿಯುವುದು ಸಾಮಾನ್ಯ.

82.3ನ್ನು 0.75ರಿಂದ ಭಾಗಿಸಿ. 109.7 ಕೆವಿಎ. ಟ್ರಾನ್ಸ್‌ಫಾರ್ಮರು ಈಗಲೇ ಮಿತಿ ದಾಟಿದೆ.

ನೂರು ಕೆವಿಎ ಟ್ರಾನ್ಸ್‌ಫಾರ್ಮರು 433 ವೋಲ್ಟ್ ಬದಿಯಲ್ಲಿ ಕೊಡಬಹುದಾದ ಕರೆಂಟು 133 ಆಂಪಿಯರ್. ಇಲ್ಲಿ ಹರಿಯುತ್ತಿರುವುದು 146. ಸುರುಳಿಯ ಬಿಸಿ ಸುಮಾರು ಶೇಕಡ 20 ಹೆಚ್ಚು. ಈಗ ಮಾಲೀಕರು 20 ಎಚ್‌ಪಿಯ ಇನ್ನೊಂದು ಸೆಕೆಂಡ್ ಹ್ಯಾಂಡ್ ಯಂತ್ರ ತರುತ್ತಾರೆ. ಅದೇ ಲೆಕ್ಕದಲ್ಲಿ 12.7 ಕಿಲೋವ್ಯಾಟ್ ಸೇರಿ 95 ಆಯಿತು, ಕೆವಿಎ ಸುಮಾರು 127, ಕರೆಂಟು 169 ಆಂಪಿಯರ್, ಬಿಸಿ ಶೇಕಡ 60ಕ್ಕಿಂತ ಹೆಚ್ಚು. ಯಂತ್ರಕ್ಕೆ ಕೊಟ್ಟ ಬೆಲೆ ಮಾತ್ರ ಪುಸ್ತಕದಲ್ಲಿ ಇದೆ.

ಇದೇ ಘಟಕದಲ್ಲಿ ಕೆಪಾಸಿಟರ್ ಹಾಕಿ ಪವರ್ ಫ್ಯಾಕ್ಟರನ್ನು 0.95ಕ್ಕೆ ತಂದಿದ್ದರೆ? ಮೊದಲಿನ 82.3 ಕಿಲೋವ್ಯಾಟಿಗೆ 86.6 ಕೆವಿಎ, 115 ಆಂಪಿಯರ್. ಅದಕ್ಕೆ ಬೇಕಾದ ಕೆಪಾಸಿಟರ್ ಸುಮಾರು 45 ಕೆವಿಎಆರ್. ಹೊಸ ಯಂತ್ರ ಸೇರಿಸಿದರೆ ಸರಿಯಾಗಿ 100, ಒಂದಿಷ್ಟೂ ಉಸಿರಿಲ್ಲ, ಆದ್ದರಿಂದ ಸೇರಿಸಬಾರದು ಅಥವಾ ಟ್ರಾನ್ಸ್‌ಫಾರ್ಮರ್ ಬದಲಿಸಬೇಕು. ಈ ತೀರ್ಮಾನ ಒಂದು ಹಾಳೆಯ ಮೇಲೆ, ಕ್ಯಾಲ್ಕುಲೇಟರಿನಿಂದ, ಯಂತ್ರ ಕೊಳ್ಳುವ ಮೊದಲೇ ಬಂದುಬಿಡುತ್ತದೆ. ಹಣದ ಬದಿಯೂ ಇದೆ. ನಮ್ಮ ಜಿಲ್ಲೆಗೆ ಕರೆಂಟು ಕೊಡುವ ಮೆಸ್ಕಾಂನ ಎಚ್‌ಟಿ ಬಿಲ್ಲಿನಲ್ಲಿ ಯೂನಿಟ್ಟಿಗೆ ಬೇರೆ, ತಿಂಗಳ ಗರಿಷ್ಠ ಕೆವಿಎಗೆ ಬೇರೆ ಶುಲ್ಕ ಇರುತ್ತದೆ. ಒಪ್ಪಂದದ ಮಿತಿ ದಾಟಿದರೆ ದಂಡದ ದರ. ಪವರ್ ಫ್ಯಾಕ್ಟರ್ ಕುಸಿದರೆ ಅದಕ್ಕೂ ಸರ್‌ಚಾರ್ಜ್. ಹಾಗಾಗಿ ಬಿಲ್ಲೇ ಮೊದಲ ಎಚ್ಚರಿಕೆಯ ಗಂಟೆ. ಆ ಬಿಲ್ಲು ಅಕೌಂಟೆಂಟ್ ಮೇಜಿಗೆ ಬರುತ್ತದೆ, ಎಲೆಕ್ಟ್ರಿಷಿಯನ್ ಕೈಗೆ ಬರುವುದಿಲ್ಲ. ಮಾಮುವಿನ ಕಾರ್ಖಾನೆಯಲ್ಲೂ ಹಾಗೇ. ಮೊತ್ತ ನೋಡಿ ಚೆಕ್ ಬರೆಯುತ್ತಿದ್ದರು, ಗರಿಷ್ಠ ಬೇಡಿಕೆಯ ಕಾಲಂ ಯಾರೂ ಓದುತ್ತಿರಲಿಲ್ಲ.

ಒಂದು ಹಾಳೆಯಿಂದ ಪೂರ್ತಿ ಅಧ್ಯಯನಕ್ಕೆ

ಮೇಲಿನದ್ದು ಬರೀ ಒಟ್ಟು ಮೊತ್ತ. ಟ್ರಯಲ್ ಬ್ಯಾಲೆನ್ಸ್ ತಾಳೆಯಾದರೂ ಒಳಗೆ ತಪ್ಪಿರಬಹುದು ಎಂದು ನಮಗೆ ಪಾಠ ಮಾಡುತ್ತಾರಲ್ಲ, ಇಲ್ಲಿಯೂ ಹಾಗೆಯೇ. ಟ್ರಾನ್ಸ್‌ಫಾರ್ಮರ್ ಸರಿ ಇರಬಹುದು, ಅದರಿಂದ ಪಾಲಿಷರಿಗೆ ಹೋಗುವ ಒಂದು ಕೇಬಲ್ ಮಾತ್ರ ಸುಡುತ್ತಿರಬಹುದು. ಮೂರು ಫೇಸಿನ ಸರಾಸರಿ ಸರಿ ಇರಬಹುದು, ದೀಪ ಮತ್ತು ಆಫೀಸೆಲ್ಲ ಒಂದೇ ಫೇಸಿಗೆ ಸೇರಿ ಅದೊಂದೇ ನರಳುತ್ತಿರಬಹುದು. ಆದ್ದರಿಂದ ಪ್ರತಿ ತಂತಿಯಲ್ಲೂ ಎಷ್ಟು ಹರಿಯುತ್ತದೆ, ಪ್ರತಿ ಜಾಗದಲ್ಲೂ ವೋಲ್ಟೇಜ್ ಎಷ್ಟು ಉಳಿಯುತ್ತದೆ ಎಂದು ಬಿಡಿಬಿಡಿಯಾಗಿ ಕಂಡುಹಿಡಿಯಬೇಕು. ಇದಕ್ಕೆ ಲೋಡ್ ಫ್ಲೋ ಅಧ್ಯಯನ ಎನ್ನುತ್ತಾರೆ. ಪವರ್ ಸಿಸ್ಟಮ್ ವಿಶ್ಲೇಷಣೆ ಎಂಬ ದೊಡ್ಡ ಹೆಸರಿನ ಮೊದಲ ಅಧ್ಯಾಯ ಇದು.

ಇದು ಯಾಕೆ ಕಷ್ಟ? ಕರೆಂಟು ಗೊತ್ತಾಗಬೇಕಾದರೆ ವೋಲ್ಟೇಜ್ ಗೊತ್ತಿರಬೇಕು. ವೋಲ್ಟೇಜ್ ಎಷ್ಟು ಇಳಿಯುತ್ತದೆ ಎಂದು ಗೊತ್ತಾಗಬೇಕಾದರೆ ಕರೆಂಟು ಗೊತ್ತಿರಬೇಕು. ಪ್ರಥಮ ಪಿಯುಸಿಯಲ್ಲಿ ಮ್ಯಾನೇಜರ್ ಕಮಿಷನ್ ಲೆಕ್ಕ ನೆನಪಿದೆಯೇ? ಕಮಿಷನ್ ಕಳೆದ ಮೇಲಿನ ಲಾಭದ ಮೇಲೆ ಕಮಿಷನ್. ಲಾಭಕ್ಕೆ ಕಮಿಷನ್ ಬೇಕು, ಕಮಿಷನ್ನಿಗೆ ಲಾಭ ಬೇಕು. ಅಲ್ಲಿ ನಮಗೊಂದು ಸೂತ್ರ ಸಿಕ್ಕಿ ಬಚಾವಾಗುತ್ತೇವೆ. ಇಲ್ಲಿ ಹತ್ತಾರು ಜಾಗಗಳಲ್ಲಿ ಒಟ್ಟಿಗೆ ಅದೇ ತೊಡಕು, ಒಂದು ಸಾಲಿನ ಸೂತ್ರ ಇಲ್ಲ. ಆದ್ದರಿಂದ ಒಂದು ಊಹೆಯಿಂದ ಆರಂಭಿಸಿ, ಲೆಕ್ಕ ಮಾಡಿ, ತಪ್ಪು ಎಷ್ಟು ಎಂದು ನೋಡಿ, ಊಹೆ ತಿದ್ದಿ, ಮತ್ತೆ ಮಾಡುತ್ತಾ ಹೋಗುತ್ತಾರೆ. ಉತ್ತರ ಅಲುಗಾಡುವುದು ನಿಂತಾಗ ಮುಗಿಯಿತು. ಗಾಸ್-ಸೈಡಲ್, ನ್ಯೂಟನ್-ರಾಫ್ಸನ್ ಎಂಬ ವಿಧಾನಗಳು ಇದಕ್ಕಾಗಿಯೇ ಬಳಕೆಯಲ್ಲಿವೆ. ಇಂದು ಕಂಪ್ಯೂಟರ್ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡುತ್ತದೆ. ಇಂಥ ಅಧ್ಯಯನಕ್ಕೆ ಬಳಸುವ ಮೈಪವರ್ ಎಂಬ ತಂತ್ರಾಂಶ ನಮ್ಮ ಬೆಂಗಳೂರಿನಲ್ಲೇ ತಯಾರಾದದ್ದು ಎಂದು ತಿಳಿದು ನನಗೆ ಖುಷಿಯಾಯಿತು.

ವೋಲ್ಟೇಜ್ ವಿಷಯ ಮಲೆನಾಡಿನವರಿಗೆ ಹೆಚ್ಚು ಮುಖ್ಯ. 11 ಕೆವಿ ಲೈನು ಕಾಡು, ತೋಟ, ಹಳ್ಳ ದಾಟಿ ಬಹಳ ದೂರ ಬರುತ್ತದೆ. ಕೊನೆಯ ತುದಿಯಲ್ಲಿ ಇರುವವರಿಗೆ 415 ವೋಲ್ಟ್ ಬದಲು 360 ಸಿಗುತ್ತದೆ ಎನ್ನಿ. ಬಲ್ಬು ಮಂಕಾಗಿ ಕಡಿಮೆ ಕರೆಂಟು ಎಳೆಯುತ್ತದೆ, ಪಾಪದ್ದು. ಮೋಟರು ಹಾಗಲ್ಲ. ಹಲ್ಲರಿಗೆ ಕಾಫಿ ಬೀಳುತ್ತಲೇ ಇದೆ, ಕೆಲಸ ಅಷ್ಟೇ ಮಾಡಬೇಕು, ಹಾಗಾಗಿ ವೋಲ್ಟೇಜಿನಲ್ಲಿ ಕಳೆದುಕೊಂಡದ್ದನ್ನು ಕರೆಂಟಿನಲ್ಲಿ ಎಳೆದುಕೊಳ್ಳುತ್ತದೆ. ಸುಮಾರು ಶೇಕಡ 15 ಹೆಚ್ಚು ಕರೆಂಟು, ಮೂರನೇ ಒಂದು ಪಾಲು ಹೆಚ್ಚು ಬಿಸಿ. ಯಾವ ಹೊಸ ಯಂತ್ರವನ್ನೂ ಸೇರಿಸದೆ ಓವರ್‌ಲೋಡ್! ಮಳೆಗಾಲದಲ್ಲಿ ಮರ ಬಿದ್ದು ಒಂದು ಫೇಸ್ ಹೋದರೆ ಇನ್ನೂ ಕೆಟ್ಟದು. ಓಡುತ್ತಿರುವ ಮೋಟರು ಉಳಿದ ಎರಡರಲ್ಲೇ ಗುಂಯ್ ಎನ್ನುತ್ತಾ ಓಡಲು ನೋಡುತ್ತದೆ, ಕೆಲವೇ ನಿಮಿಷಗಳಲ್ಲಿ ಸುರುಳಿ ಕಪ್ಪಾಗುತ್ತದೆ. ಸಿಂಗಲ್ ಫೇಸಿಂಗ್ ಪ್ರಿವೆಂಟರ್ ಇದ್ದರೆ ತಕ್ಷಣ ಬಿಡಿಸುತ್ತದೆ.

ಇನ್ನೊಂದು ಅಧ್ಯಯನ ಮೋಟರ್ ಚಾಲೂ ಮಾಡುವ ಕ್ಷಣದ್ದು. 40 ಎಚ್‌ಪಿ ಹಲ್ಲರ್ ಓಡುವಾಗ ಸುಮಾರು 55 ಆಂಪಿಯರ್ ಎಳೆಯುತ್ತದೆ. ನೇರವಾಗಿ ಸ್ವಿಚ್ ಒತ್ತಿದರೆ ಮೊದಲ ಕೆಲವು ಸೆಕೆಂಡು ಆರು ಪಟ್ಟು, 330 ಆಂಪಿಯರ್. ಸ್ಟಾರ್-ಡೆಲ್ಟಾ ಸ್ಟಾರ್ಟರ್ ಇದನ್ನು ಮೂರನೇ ಒಂದಕ್ಕೆ, 110ಕ್ಕೆ ಇಳಿಸುತ್ತದೆ. ಆದರೆ ತಿರುಗಿಸುವ ಬಲವೂ ಮೂರನೇ ಒಂದಕ್ಕೆ ಇಳಿಯುತ್ತದೆ. ಹಲ್ಲರಿನ ಹೊಟ್ಟೆಯಲ್ಲಿ ಕಾಫಿ ತುಂಬಿರುವಾಗಲೇ ಚಾಲೂ ಮಾಡಿದರೆ ಅದು ತಿರುಗದೆ ನಿಂತೇ ಕರೆಂಟು ಕುಡಿಯುತ್ತದೆ. ಅದಕ್ಕೇ ಮಾಮು "ಪೆಹಲೆ ಖಾಲಿ ಕರೋ" ಎಂದು ಕೂಗುವುದು. ಖಾಲಿ ಮಾಡು, ದೊಡ್ಡದನ್ನು ಮೊದಲು ಎಬ್ಬಿಸು, ಚಿಕ್ಕವು ಆಮೇಲೆ. ಅವರು ಅಧ್ಯಯನ ಓದಿದವರಲ್ಲ, ಆದರೆ ಅಧ್ಯಯನ ಹೇಳುವುದೂ ಅದನ್ನೇ.

ಕೊನೆಗೆ ರಕ್ಷಣೆ. ಫ್ಯೂಸು, ಬ್ರೇಕರ್, ಓವರ್‌ಲೋಡ್ ರಿಲೇ ಇರುವುದು ಯಂತ್ರ ನಿಲ್ಲಿಸಿ ತೊಂದರೆ ಕೊಡಲು ಎಂದು ಸೀಸನ್‌ನಲ್ಲಿ ಎಲ್ಲರಿಗೂ ಅನಿಸುತ್ತದೆ. ಪದೇ ಪದೇ ಟ್ರಿಪ್ ಆದರೆ ರಿಲೇಯ ಮುಳ್ಳನ್ನು ಮೇಲಕ್ಕೆ ತಿರುಗಿಸುತ್ತಾರೆ, ಫ್ಯೂಸಿಗೆ ದಪ್ಪ ತಂತಿ ಸುತ್ತುತ್ತಾರೆ. ಹೊತ್ತಿಕೊಂಡ ಆ ಪ್ಯಾನೆಲ್‌ನಲ್ಲಿ ಸಿಕ್ಕಿದ್ದೂ ಇದೇ. ಫ್ಯೂಸು ಸುಡಬೇಕಾದ ಜಾಗದಲ್ಲಿ ಫ್ಯೂಸು ಗಟ್ಟಿಯಾಗಿತ್ತು, ಅದಕ್ಕೇ ಕೇಬಲ್ ಸುಟ್ಟಿತು.

ಆದರೆ ರಿಲೇಯನ್ನು ಮುಟ್ಟದೆ ಮರೆತುಬಿಡುವುದೂ ಅಪಾಯವೇ. 1965ರ ನವೆಂಬರ್ 9ರ ಸಂಜೆ ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ಮತ್ತು ಕೆನಡಾದ ಒಂಟಾರಿಯೊದಲ್ಲಿ ಸುಮಾರು 3 ಕೋಟಿ ಜನ ಕತ್ತಲಾದರು. ನಯಾಗರಾ ಬಳಿಯ ವಿದ್ಯುದಾಗಾರದ ಒಂದು ಲೈನಿನ ರಿಲೇಯನ್ನು ವರ್ಷಗಳ ಹಿಂದೆ ಆಗಿನ ಹೊರೆಗೆ ತಕ್ಕಂತೆ ಹೊಂದಿಸಿದ್ದರು. ಹೊರೆ ಬೆಳೆಯಿತು, ಹೊಂದಿಕೆ ಬೆಳೆಯಲಿಲ್ಲ. ಲೈನಿಗೆ ಇನ್ನೂ ತಾಕತ್ತು ಇರುವಾಗಲೇ ರಿಲೇ ಅದನ್ನು ಬಿಡಿಸಿತು. ಅದರ ಹೊರೆ ಪಕ್ಕದ ಲೈನುಗಳ ಮೇಲೆ ಬಿತ್ತು, ಅವೂ ಒಂದೊಂದಾಗಿ ಬಿಡಿಸಿಕೊಂಡವು. ನಮ್ಮಲ್ಲಿ 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದಲ್ಲಿ ಆದದ್ದೂ ಹೆಚ್ಚು ಹೊರೆ ಹೊತ್ತ ಲೈನಿನಿಂದ ಆರಂಭವಾದ ಸರಪಳಿಯೇ. ಒಂದು ಕಾರ್ಖಾನೆಯ ಒಳಗೂ ಅದೇ ಸರಪಳಿ ಚಿಕ್ಕದಾಗಿ ಇರುತ್ತದೆ. ತೊಂದರೆಗೆ ಹತ್ತಿರದ ಬ್ರೇಕರ್ ಮೊದಲು ಬೀಳಬೇಕು, ಮುಖ್ಯ ಬ್ರೇಕರ್ ಕಾಯಬೇಕು. ಈ ಸರದಿಯನ್ನು ಹೊಂದಿಸುವುದಕ್ಕೆ ಕೋ-ಆರ್ಡಿನೇಷನ್ ಎಂಬ ಬೇರೆಯೇ ಅಧ್ಯಯನ ಇದೆ.

ನಮ್ಮ ರಾಜ್ಯದಲ್ಲಿ ವಿದ್ಯುತ್ತಿನ ಕಥೆ ಆರಂಭವಾದದ್ದೇ ಕೈಗಾರಿಕೆಯ ಹೊರೆಯಿಂದ ಎಂಬುದು ಇತಿಹಾಸ ಓದುವವರಿಗೆ ಗೊತ್ತು. 1902ರಲ್ಲಿ ಶಿವನಸಮುದ್ರದ ಕರೆಂಟು ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗೆ ಹೋಯಿತು, ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಗಣಿಯವರಿಗೆ ತಮಗೆ ಎಷ್ಟು ಕುದುರೆ ಶಕ್ತಿ ಬೇಕು ಎಂದು ಮೊದಲೇ ಹೇಳಬೇಕಿತ್ತು. ಅದೇ ಪ್ರಶ್ನೆಯನ್ನು ಇಂದು ಸಣ್ಣ ಬೆಳೆಗಾರರಿಗೆ ಕೇಳಿದರೆ ಹೆಚ್ಚಿನವರ ಬಳಿ ಉತ್ತರ ಇಲ್ಲ.

ಅದಕ್ಕೇ ಕೊನೆಯ ಲೆಕ್ಕ ಅವರದ್ದು. ಒಂದೇ ಟಿ.ಸಿ.ಯನ್ನು ಹಲವರು ಹಂಚಿಕೊಂಡಾಗ ಎಲ್ಲರೂ ಒಂದೇ ಹೊತ್ತಿಗೆ ಸ್ವಿಚ್ ಒತ್ತುವುದಿಲ್ಲ ಎಂಬ ನಂಬಿಕೆಯ ಮೇಲೆಯೇ ಅದರ ಗಾತ್ರ ನಿಂತಿರುತ್ತದೆ. ರಂಜಾನ್‌ನಲ್ಲಿ ಸೆಹ್ರಿ ಹೊತ್ತಿಗೆ ನಮ್ಮ ಮೊಹಲ್ಲಾದಲ್ಲಿ ಎಲ್ಲರ ಗೀಸರ್, ಮಿಕ್ಸಿ ಒಟ್ಟಿಗೆ ಓಡಿ ದೀಪ ಮಿಣುಕುವುದು ನೀವು ನೋಡಿರುತ್ತೀರಿ. ಆ ಅರ್ಧ ಗಂಟೆ ನಂಬಿಕೆ ಮುರಿದಿರುತ್ತದೆ. ಫೆಬ್ರವರಿ-ಮಾರ್ಚಿನಲ್ಲಿ ರೊಬಸ್ಟಾ ಹೂವಿಗೆ ಸ್ಪ್ರಿಂಕ್ಲರ್ ನೀರು ಕೊಡುವಾಗಲೂ ಹಾಗೆ, ಎಲ್ಲರ ಗಿಡಕ್ಕೂ ಅದೇ ವಾರ ನೀರು ಬೇಕು. 25 ಕೆವಿಎ ಟಿ.ಸಿ., ಮೂವರು ಬೆಳೆಗಾರರು, ತಲಾ 10 ಎಚ್‌ಪಿ ಪಂಪು ಎನ್ನಿ. ದಕ್ಷತೆ ಶೇಕಡ 85, ಪವರ್ ಫ್ಯಾಕ್ಟರ್ 0.8 ಹಿಡಿದರೆ ಒಂದು ಪಂಪಿಗೆ 11 ಕೆವಿಎ. ಎರಡು ಓಡಿದರೆ 22, ಟಿ.ಸಿ. ತಡೆಯುತ್ತದೆ. ಮೂರಾದರೆ 33. ಮೂವರೂ ಕೂತು ಒಂದು ಕಾಗದದ ಮೇಲೆ ಸರದಿ ಬರೆದು ಪಂಪ್ ಶೆಡ್ಡಿನ ಬಾಗಿಲಿಗೆ ಅಂಟಿಸಿದರೆ ಸಾಕು: ಬೆಳಿಗ್ಗೆ ಮೇಲಿನ ತೋಟ ಮತ್ತು ನಡುವಿನದು, ಮಧ್ಯಾಹ್ನ ನಡುವಿನದು ಮತ್ತು ಕೆಳಗಿನದು, ರಾತ್ರಿ ಕೆಳಗಿನದು ಮತ್ತು ಮೇಲಿನದು. ಒಬ್ಬೊಬ್ಬರಿಗೂ ಎರಡು ಪಾಳಿ ಸಿಗುತ್ತದೆ, ಯಾವ ಹೊತ್ತಿನಲ್ಲೂ 22 ದಾಟುವುದಿಲ್ಲ.